ಅಳಿಯನ ಲಿವರಿನ ತನಿಖೆ

ಮನೆಯಿಂದ,
ಹದಿನಾಲ್ಕನೇ ತಾರೀಖು, ಶನಿವಾರ, ಮಧ್ಯಾಹ್ನ ಊಟವಾದ ಮೇಲೆ

ನನ್ನ ಮುದ್ದು ಮಗಳೇ,

ಹೇಗಿದ್ದೀಯೇ? ವಾಂತಿ ಸ್ವಲ್ಪ ಹದಕ್ಕೆ ಬಂತೋ, ಇಲ್ಲಾ ಈಗಲೂ ಎದ್ದ ಕೂಡಲೇ ಬಚ್ಚಲಿಗೆ ಓಡುತ್ತೀಯೋ? ನೀನು ನನ್ನ ಹೊಟ್ಟೆಯಲ್ಲಿದ್ದಾಗ ನನ್ನದೂ ಇದೇ ಪಾಡು. ತಪಾಸಣೆಗೆಂದು ಬಸ್ಸು ಹತ್ತಿ ಟಿಕೆಟ್ ತೋರಿಸಿ ಎನ್ನುವಷ್ಟರಲ್ಲಿ ಡೀಸೆಲ್ ವಾಸನೆ ಮೂಗಿಗೆ ಬಡಿದು, ಬಾಯಿಗೆ ಕೈ ಅಡ್ಡ ಇಟ್ಟುಕೊಂಡು ಮುಂದಿನ ನಿಲ್ದಾಣದಲ್ಲಿ ಇಳಿದುಬಿಡುತ್ತಿದ್ದೆ. ಟಿಕೆಟ್ ಇಲ್ಲದೆ ಓಡಾಡುವವರಿಗೆಲ್ಲ ಆಗ ಸುಗ್ಗಿಯೋ ಸುಗ್ಗಿ. ನೀನು ಹಾಸಿಗೆಯಿಂದ ಏಳುವ ಮೊದಲೇ ಒಂದೆರಡು ಒಣ ಬಿಸ್ಕತ್ತು ಬಾಯಿಗೆ ಹಾಕಿಕೋ, ಆಮೇಲೆ ಕಾಲು ನೆಲಕ್ಕಿಡು. ನಕ್ಷೆಯ ಮೇಜಿನ ಮೇಲೆ ಗಂಟೆಗಟ್ಟಲೆ ಬಗ್ಗಿ ನಿಲ್ಲಬೇಡ. ನೀವು ಕಟ್ಟುವ ಸೇತುವೆ ಎರಡು ದಿನ ತಡವಾದರೆ ಆಚೆ ದಡ ಎಲ್ಲಿಗೂ ಓಡಿಹೋಗುವುದಿಲ್ಲ. ನನ್ನ ಮಂಡಿ ನೋವು ಇದ್ದ ಹಾಗೇ ಇದೆ, ಕಿವಿ ಇನ್ನಷ್ಟು ಮಂದವಾಗಿದೆ, ಮೂಗು ಮಾತ್ರ ಚುರುಕಾಗಿದೆ. ದೇವರ ದಯೆ, ಈಗ ನನಗೆ ಬೇಕಾದದ್ದೂ ಮೂಗೇ.

ನೀನು ಹೇಳಿದ ಹಾಗೆ ಬಸಿರಿನ ವಿಷಯ ನಿನ್ನ ಗಂಡನಿಗೆ ಹೇಳಿಲ್ಲ. ಎಷ್ಟೋ ಸಲ ನಾಲಿಗೆಯ ತುದಿಗೆ ಬಂತು, ಕಚ್ಚಿಕೊಂಡು ಸುಮ್ಮನಾದೆ. ನಿನ್ನ ಅಮ್ಮನ ಬಾಯಿಗೆ ಬೀಗ ಹಾಕುವುದು ಸಾಮಾನ್ಯ ಕೆಲಸವಲ್ಲ ಎಂದು ನಿನಗೂ ಗೊತ್ತು. ಸೇತುವೆ ಕೆಲಸಕ್ಕೆಂದು ಆ ಊರಿಗೆ ಹೊರಡುವ ದಿನ ಬಸ್ಸಿನ ಕಿಟಕಿಯಿಂದ ನನ್ನ ಕೈ ಹಿಡಿದು, "ಅಮ್ಮಾ, ನಿನ್ನ ಕಣ್ಣಿಗೆ ಮಣ್ಣೆರಚೋಕೆ ಯಾರಿಂದಲೂ ಆಗಲ್ಲ. ಅವ್ರು ಕುಡೀತಾರೋ ಇಲ್ವೋ, ಒಂದೇ ಮಾತಲ್ಲಿ ಬರಿ. ಕುಡೀತಾರೆ ಅಂತಾದ್ರೆ ನಾನು ಆ ಮನೆಗೆ ಕಾಲಿಡಲ್ಲ. ಮಗು ವಿಷಯಾನೂ ಅವ್ರಿಗೆ ಬೇಡ" ಎಂದೆಯಲ್ಲ, ಆವತ್ತಿನಿಂದ ನನ್ನ ಎದೆಯ ಮೇಲೆ ಒಂದು ಕಲ್ಲು ಕೂತಿದೆ. ಇನ್ನೂ ಹುಟ್ಟದ ಕೂಸಿಗೆ ಅಪ್ಪ ಇರಬೇಕೋ ಬೇಡವೋ ಎನ್ನುವುದು ನನ್ನ ಒಂದು ಮಾತಿನ ಮೇಲೆ ನಿಂತಿದೆ. ಫೋನಿನಲ್ಲಿ ಹೇಳೋಣವೆಂದರೆ ನನಗೆ ಅರ್ಧ ಕೇಳಿಸುವುದಿಲ್ಲ, ನಿನ್ನ ಕಡೆ ಇಡೀ ಆಫೀಸಿಗೆ ಒಂದೇ ಫೋನು, ಅದರ ಸುತ್ತ ಊರವರ ಕಿವಿ. ಅದಕ್ಕೇ ಈ ಉದ್ದನೆಯ ಕಾಗದ. ಕೊನೆಯ ಪುಟಕ್ಕೆ ಹಾರಬೇಡ, ಮೊದಲಿನಿಂದ ಓದು.

ನಿನಗೆ ಸಿಟ್ಟು ಬಂದದ್ದು ತಪ್ಪು ಎಂದು ನಾನು ಹೇಳುವುದಿಲ್ಲ. ಬಟ್ಟೆ ಕಾರ್ಖಾನೆಯವರು ಎಲ್ಲರ ರಕ್ತ ಪರೀಕ್ಷೆ ಮಾಡಿಸಿದಾಗ ನಿನ್ನ ಗಂಡನೊಬ್ಬನದು ಕೆಟ್ಟು ಬಂತು. ಆಮೇಲೆ ಸ್ಕ್ಯಾನಿಂಗ್ ಮಾಡಿದರೆ ಲಿವರ್ ಗಟ್ಟಿಯಾಗುತ್ತಿದೆ ಎಂದರು. ಆ ಕಾರ್ಖಾನೆ ಡಾಕ್ಟರು ಕನ್ನಡಕದ ಮೇಲಿನಿಂದ ನೋಡಿ "ಕುಡಿಯೋ ಅಭ್ಯಾಸ ಉಂಟಾ?" ಎಂದು ಕೇಳಿದರೆ, ಇವನು ನೆಲ ನೋಡಿಕೊಂಡು "ಇಲ್ಲ" ಎಂದ. ನೀನು ನನ್ನ ಮುಖ ನೋಡಿದೆ, ನಾನು ನಿನ್ನ ಮುಖ ನೋಡಿದೆ. ನಿನ್ನ ಅಪ್ಪನೂ ಹಾಗೇ ನೆಲ ನೋಡಿಕೊಂಡೇ ಇಲ್ಲ ಎನ್ನುತ್ತಿದ್ದದ್ದು. ನಾನು ದಿನವಿಡೀ ಊರಿನ ಜನರ ಜೇಬು ತಪಾಸಣೆ ಮಾಡಿ ಮನೆಗೆ ಬಂದರೆ, ನನ್ನ ಮನೆಯಲ್ಲೇ ಒಬ್ಬ ಟಿಕೆಟ್ ಇಲ್ಲದ ಪ್ರಯಾಣಿಕ ಕಾಲು ಚಾಚಿ ಮಲಗಿರುತ್ತಿದ್ದ. ಹಿಟ್ಟಿನ ಡಬ್ಬಿ, ಕಕ್ಕಸಿನ ನೀರಿನ ತೊಟ್ಟಿ, ಮಳೆಗಾಲದ ಬೂಟು, ಒಂದು ಸಲವಂತೂ ನನ್ನ ಸೊಂಟಕ್ಕೆ ಕೊಡುವ ಬಿಸಿನೀರಿನ ರಬ್ಬರ್ ಚೀಲದಲ್ಲೇ ತುಂಬಿಸಿ ಇಟ್ಟಿದ್ದ ಪುಣ್ಯಾತ್ಮ. ಕೊನೆಗೆ ಹೊಟ್ಟೆ ಊದಿಕೊಂಡು, ಕಣ್ಣು ಹಳದಿಯಾಗಿ ಹೋದ. ಅದನ್ನೆಲ್ಲ ನೋಡುತ್ತ ಬೆಳೆದವಳು ನೀನು. ನಿನ್ನ ಮಗು ಹಾಗೆ ಬೆಳೆಯಬಾರದು ಎಂದು ನೀನು ಹೇಳಿದರೆ ನಾನು ಯಾವ ಬಾಯಿಂದ ಬೇಡ ಎನ್ನಲಿ?

ಆದ್ದರಿಂದ ನೀನು ಹೋದ ಮಾರನೆಯ ದಿನದಿಂದಲೇ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ನಿಮ್ಮ ಮನೆಯಲ್ಲೇ ಕೂತಿದ್ದೇನೆ. ಎದುರಿಗೆ "ಬನ್ನಿ ಅಳಿಯಂದ್ರೇ, ಕೂತ್ಕೊಳ್ಳಿ ಅಳಿಯಂದ್ರೇ" ಎಂದು ಬೆಣ್ಣೆಯಂಥ ಮಾತು, ಅವನು ಹೊಸ್ತಿಲು ದಾಟಿದ ಕೂಡಲೇ ಸೆರಗು ಸಿಕ್ಕಿಸಿಕೊಂಡು ಶೋಧನೆ. ನಿನ್ನ ಅಪ್ಪ ಕಲಿಸಿಕೊಟ್ಟ ಜಾಗಗಳನ್ನೆಲ್ಲ ನೋಡಿದೆ. ಹಿಟ್ಟಿನ ಡಬ್ಬಿಯಲ್ಲಿ ಹಿಟ್ಟೇ ಇತ್ತು. ಬೂಟಿನಲ್ಲಿ ಜೇಡರ ಬಲೆ. ಅಟ್ಟದ ಮೇಲೆ ನಿನ್ನ ಹಳೆಯ ನಕ್ಷೆಗಳ ಸುರುಳಿ ಬಿಟ್ಟರೆ ಇನ್ನೇನೂ ಇಲ್ಲ. ಇಷ್ಟು ಚೊಕ್ಕಟವಾದ ಮನೆ ನೋಡಿದರೆ ನನಗೆ ಅನುಮಾನ ಹೆಚ್ಚಾಗುತ್ತದೆಯೇ ಹೊರತು ಕಡಿಮೆಯಾಗುವುದಿಲ್ಲ.

ಇನ್ನು ಅವನ ಅವತಾರ ಕೇಳು. ಬೆಳಿಗ್ಗೆ ಎದ್ದರೆ ಎರಡೂ ಕೈಯಲ್ಲಿ ತಲೆ ಹಿಡಿದುಕೊಂಡು ಮಂಚದ ಅಂಚಿನಲ್ಲಿ ಕೂರುತ್ತಾನೆ. ಬೆಳಕು ಕಂಡರೆ ಆಗುವುದಿಲ್ಲ, ಪರದೆ ಎಳೆಯಬೇಕು. ಕಾಫಿ ಕೊಟ್ಟರೆ ಅರ್ಧ ಕುಡಿದು ಹೊಟ್ಟೆ ತೊಳಸುತ್ತದೆ ಎನ್ನುತ್ತಾನೆ. ತುಟಿ ಸುಲಿದು ಚಕ್ಕೆ ಚಕ್ಕೆ ಏಳುತ್ತಿದೆ, ಬಾಚಣಿಗೆಯ ತುಂಬ ಕೂದಲು. ಮೊನ್ನೆ ಲೋಟ ಬಿದ್ದ ಸದ್ದಿಗೆ ನನ್ನ ಮೇಲೆ ರೇಗಿ, ಆಮೇಲೆ ಗುಬ್ಬಚ್ಚಿಯಂತೆ ಮುದುಡಿಕೊಂಡು "ತಪ್ಪಾಯ್ತು ಅತ್ತೆ" ಎಂದ. ನಿನ್ನ ಅಪ್ಪನ ಬೆಳಗುಗಳನ್ನು ಕಂಡವಳಿಗೆ ಇದನ್ನೆಲ್ಲ ಬಿಡಿಸಿ ಹೇಳಬೇಕೇ? ಸಾಲದ್ದಕ್ಕೆ, ಕಾರ್ಖಾನೆಯಿಂದ ಬಂದು ಚಪ್ಪಲಿ ಬಿಡುವಾಗ ಕೈಯಿಂದ ಸ್ಪಿರಿಟ್ಟಿನ ವಾಸನೆ ಘಮ್ಮೆಂದು ಬಂತು. ಸಿಕ್ಕಿಬಿದ್ದ ಅಂದುಕೊಂಡೆ. "ಏನು ಅಳಿಯಂದ್ರೇ, ಕೈಗೆ ಅತ್ತರು ಹಾಕ್ಕೊಂಡಿದ್ದೀರಾ?" ಎಂದರೆ, "ಬಣ್ಣ ಬಿಡಿಸೋಕೆ ಸ್ಪಿರಿಟ್ಟಲ್ಲಿ ಒರೆಸ್ಕೋತೀವಿ ಅತ್ತೆ, ಬೆರಳಿಗೆ ಬಣ್ಣ ಇದ್ರೆ ಬಟ್ಟೆ ಬಣ್ಣ ಸರಿಯಾಗಿ ತಿಳಿಯಲ್ಲ" ಎಂದು ಹತ್ತೂ ಬೆರಳು ಬಿಚ್ಚಿ ತೋರಿಸಿದ. ಉತ್ತರ ಅಷ್ಟು ತಯಾರಾಗಿ ಬಂದರೆ ನಾನು ಇನ್ನೊಂದು ಸಲ ಟಿಕೆಟ್ ಕೇಳುವವಳು.

ಸಂಜೆ ಕಾರ್ಖಾನೆ ಬಿಟ್ಟ ಮೇಲೆ ನೇರ ಮನೆಗೆ ಬರುವುದಿಲ್ಲ ಎಂದು ನೀನೂ ದೂರುತ್ತಿದ್ದೆಯಲ್ಲ. ಎಲ್ಲಿಗೆ ಹೋಗುತ್ತಾನೆ ನೋಡಿಯೇಬಿಡೋಣ ಎಂದು ತರಕಾರಿ ಚೀಲ ಹಿಡಿದುಕೊಂಡು ಹಿಂದೆ ಬಿದ್ದೆ. ಈ ಮಂಡಿ ಇಟ್ಟುಕೊಂಡು ಪತ್ತೇದಾರಿ ಮಾಡುವುದು ಸುಲಭವಲ್ಲ ಕಣೇ. ಅವನು ಎರಡು ಬೀದಿ ದಾಟಿ ಒಂದು ಹಳೆಯ ಮನೆಗೆ ನುಗ್ಗಿದ, ನಾನು ಎದುರಿಗೆ ನಿಲ್ಲಿಸಿದ್ದ ಗಾಡಿಯ ಮರೆಯಲ್ಲಿ ನಿಂತೆ. ಕಿಟಕಿಯಲ್ಲಿ ಅವನ ತಲೆ, ಇನ್ನೊಬ್ಬ ಮುದುಕನ ತಲೆ, ನಡುವೆ ಒಂದು ಮೇಜು. ಇಬ್ಬರೂ ಬಗ್ಗಿ ಏನನ್ನೋ ಅತ್ತಿಂದಿತ್ತ ಸರಿಸುತ್ತಿದ್ದರು. ಇಸ್ಪೀಟು! ಕುಡಿತದ ಜೊತೆಗೆ ಇದೂ ಇದೆಯಾ, ನಿನ್ನ ಮನೆ ಹಾಳಾಗ ಅಂದುಕೊಂಡು ಕತ್ತು ಉದ್ದ ಮಾಡುವಷ್ಟರಲ್ಲಿ ಹಿಂದಿನಿಂದ "ಯಾರಮ್ಮ ಬೇಕಿತ್ತು?" ಎಂದು ಆ ಮನೆಯ ಯಜಮಾನಿಯೇ ಬಂದು ನಿಂತಳು. ನಾನು ಇಂಗು ತಿಂದ ಮಂಗ. ಒಳಗೆ ಕರೆದುಕೊಂಡು ಹೋಗಿ ಕೂರಿಸಿದಳು. ಮೇಜಿನ ಮೇಲೆ ಎಲೆಯೂ ಇಲ್ಲ, ಬಾಟಲಿಯೂ ಇಲ್ಲ. ಬಣ್ಣ ಬಣ್ಣದ ಬಿಲ್ಲೆಗಳು. ಹಸಿರಿನಿಂದ ನೀಲಿಗೆ, ನೀಲಿಯಿಂದ ನೇರಳೆಗೆ ಹೋಗುವ ಹಾಗೆ ಅವುಗಳನ್ನು ಸಾಲಾಗಿ ಜೋಡಿಸಬೇಕಂತೆ. ಒಂದಕ್ಕೂ ಪಕ್ಕದ್ದಕ್ಕೂ ನನ್ನ ಕಣ್ಣಿಗೆ ಏನೂ ವ್ಯತ್ಯಾಸ ಕಾಣಲಿಲ್ಲ.

ಆ ಮುದುಕ ಇವನಿಗೆ ಕೆಲಸ ಕಲಿಸಿದ ಬಣ್ಣದ ಮೇಷ್ಟ್ರು. ಇವರ ಕೆಲಸ ಏನೆಂದು ನಾನು ಸರಿಯಾಗಿ ತಿಳಿದುಕೊಂಡದ್ದೂ ಅವತ್ತೇ, ನೀನಂತೂ ಎಂದೂ ಹೇಳಿದವಳಲ್ಲ. ಗಿರಾಕಿಗಳು ಬೆರಳಗಲದ ಒಂದು ಬಟ್ಟೆ ತುಂಡು ಕಳಿಸುತ್ತಾರೆ, ಇದೇ ಬಣ್ಣ ನೂರಾರು ಗಜಕ್ಕೆ ಬೇಕು ಎಂದು. ಯಾವ ಬಣ್ಣಕ್ಕೆ ಯಾವುದನ್ನು ಎಷ್ಟು ಬೆರೆಸಬೇಕು ಎಂದು ಇವನು ಕಣ್ಣಿನಲ್ಲೇ ಹೇಳಬೇಕು. ಕಿಟಕಿಯ ಬೆಳಕಿನಲ್ಲಿ ಒಂದಾಗಿ ಕಂಡದ್ದು ದೀಪದ ಕೆಳಗೆ ಬೇರೆಯಾಗಿ ಕಾಣುತ್ತದಂತೆ, ಅದನ್ನೂ ಹಿಡಿಯಬೇಕು. ವರ್ಷಕ್ಕೊಮ್ಮೆ ಬಿಲ್ಲೆಗಳ ಪರೀಕ್ಷೆ. ಅದರಲ್ಲಿ ತಪ್ಪಿದರೆ ಬಣ್ಣದ ಕೋಣೆಯಿಂದ ಎತ್ತಿ ಮೂಟೆ ಕಟ್ಟುವ ಕಡೆಗೆ ಹಾಕುತ್ತಾರೆ. ಮೇಷ್ಟ್ರಿಗೆ ಕೊನೆಗೆ ಆದದ್ದೂ ಅದೇ. ಇವನು ಇತ್ತೀಚೆಗೆ ಬೂದು ಬಣ್ಣದ ಪರದೆ ಬಟ್ಟೆಯೊಂದನ್ನು ಸರಿ ಎಂದು ಬಿಟ್ಟು, ಅದು ಗಿರಾಕಿಯ ಕಡೆ ಹೋಗಿ ಹಸಿರು ಹೊಡೆದು, ಎಲ್ಲ ವಾಪಸು ಬಂತಂತೆ. ನಿನಗೆ ಗೊತ್ತಿತ್ತೇನೇ? ಗೊತ್ತಿರಲಿಕ್ಕಿಲ್ಲ. ಹೆಂಡತಿಗೆ ಹೇಳದೆ ಮೇಷ್ಟ್ರ ಮನೆಯಲ್ಲಿ ಹೋಗಿ ಬಿಲ್ಲೆ ಜೋಡಿಸುವ ಗಂಡಸು ಇನ್ನೇನೇನು ಮುಚ್ಚಿಟ್ಟಿರಬಹುದು ಎಂದು ನನ್ನ ಅನುಮಾನ ಮತ್ತೆ ಹೊಗೆಯಾಡಿತು. ವಾಪಸು ಬರುವಾಗ ತರಕಾರಿ ಇಲ್ಲದ ಚೀಲವನ್ನು ಅವನೇ ನನ್ನ ಕೈಯಿಂದ ತೆಗೆದುಕೊಂಡು ಹಿಡಿದುಕೊಂಡ, ನನಗೆ ನಾಚಿಕೆಯಾಯಿತು.

ಈಗ ಆಸ್ಪತ್ರೆಯ ವಿಷಯಕ್ಕೆ ಬರುತ್ತೇನೆ. ಲಿವರಿನ ದೊಡ್ಡ ಡಾಕ್ಟರಮ್ಮನ ಹತ್ತಿರ ಹೋಗಿದ್ದೆವು. ನಾನೂ ಬರುತ್ತೇನೆ ಎಂದು ಹಟ ಹಿಡಿದೆ, ಒಬ್ಬನನ್ನೇ ಬಿಟ್ಟರೆ ಏನು ಕಥೆ ಕಟ್ಟಿಕೊಂಡು ಬರುತ್ತಾನೋ ಯಾರಿಗೆ ಗೊತ್ತು. ಪಕ್ಕೆಲುಬಿನ ಸಂದಿಯಲ್ಲಿ ಸೂಜಿ ಹಾಕಿ ಲಿವರಿನ ನೂಲಿನಷ್ಟು ಚೂರು ತೆಗೆದರು. ಅಷ್ಟು ಹೊತ್ತೂ ಹಲ್ಲು ಕಚ್ಚಿಕೊಂಡಿದ್ದ, ಉಸಿರೆತ್ತಲಿಲ್ಲ. ನಿನ್ನೆ ಫಲಿತಾಂಶ ಹೇಳಲು ಕರೆದಿದ್ದರು. ಡಾಕ್ಟರಮ್ಮ ಆ ಚೂರಿನ ಚಿತ್ರವನ್ನು ಪರದೆಯ ಮೇಲೆ ದೊಡ್ಡದಾಗಿ ಮಾಡಿ ನೋಡುತ್ತ ಕೂತಿದ್ದವಳು, ನಾವು ಒಳಗೆ ಹೋದ ಕೂಡಲೇ ಕುರ್ಚಿ ತಿರುಗಿಸಿ, "ಇವರು ಕುಡೀತಾರೆ ಅಂತ ಬರೆದು ಕಳಿಸಿದ್ದು ಯಾರು?" ಎಂದಳು. ಕಾರ್ಖಾನೆ ಡಾಕ್ಟರು ಎಂದೆ. "ನನಗೇನೋ ಲೆಕ್ಕ ತಾಳೆ ಆಗ್ತಿಲ್ಲಮ್ಮ" ಎಂದಳು. ನನ್ನ ಹಾಗೆ ಅನುಮಾನ ಪಡುವವರು ಇನ್ನೊಬ್ಬರು ಸಿಕ್ಕಿದರಲ್ಲ ಎಂದು ಒಳಗೊಳಗೇ ಖುಷಿಯಾಯಿತು.

ಅವಳು ಹೇಳಿದ್ದನ್ನು ನನಗೆ ತಿಳಿದಷ್ಟು ಬರೆಯುತ್ತೇನೆ, ನೀನು ಓದಿದವಳು, ಉಳಿದದ್ದು ನೀನೇ ತಿಳಿದುಕೋ. ಲಿವರಿನಲ್ಲಿ ಮೈಮುರಿದು ದುಡಿಯುವ ಜೀವಕೋಶಗಳು ಬೇರೆ. ಅವುಗಳಿಗೂ ಪಕ್ಕದಲ್ಲಿ ರಕ್ತ ಹರಿಯುವ ಸಣ್ಣ ದಾರಿಗಳಿಗೂ ನಡುವೆ ಒಂದು ಸಂದಿ ಇದೆ. ಆ ಸಂದಿಯಲ್ಲಿ ನಕ್ಷತ್ರದಂತೆ ಕೈ ಚಾಚಿಕೊಂಡು ಇನ್ನೊಂದು ಬಗೆಯ ಕೋಶಗಳು ಸದ್ದಿಲ್ಲದೆ ಕೂತಿರುತ್ತವೆ. ಅವು ಉಗ್ರಾಣದವರು. ನಾವು ತಿಂದ ಊಟದಲ್ಲಿನ ಎ ವಿಟಮಿನ್ನನ್ನು ಪುಟ್ಟ ಪುಟ್ಟ ಎಣ್ಣೆ ಹನಿಗಳಲ್ಲಿ ಕೂಡಿಟ್ಟುಕೊಂಡು, ಕಣ್ಣಿಗೆ, ಚರ್ಮಕ್ಕೆ ಬೇಕಾದಾಗ ಬೇಕಾದಷ್ಟು ಕೊಡುತ್ತವೆ. ಲಿವರಿಗೆ ಕುಡಿತದಿಂದಲೋ ಸೋಂಕಿನಿಂದಲೋ ಮೇಲಿಂದ ಮೇಲೆ ಪೆಟ್ಟು ಬಿದ್ದರೆ ಈ ಸಾಧು ಕೋಶಗಳ ಸ್ವಭಾವವೇ ಬದಲಾಗುತ್ತದಂತೆ. ಕೂಡಿಟ್ಟ ಎಣ್ಣೆಯನ್ನೆಲ್ಲ ಕಳೆದುಕೊಂಡು, ಮೈ ಹುರಿಮಾಡಿಕೊಂಡು, ಗಾಯ ಮುಚ್ಚುತ್ತೇವೆ ಎಂದು ನಾರು ನೂಲಲು ಶುರು ಮಾಡುತ್ತವೆ. ಒಂದು ಪೆಟ್ಟಾದರೆ ಒಂದು ತೇಪೆ, ವಾಸಿಯಾಯಿತು. ಪೆಟ್ಟು ನಿಲ್ಲದಿದ್ದರೆ ತೇಪೆಯ ಮೇಲೆ ತೇಪೆ. ಹಾಗೆ ತೇಪೆ ಬಿದ್ದೂ ಬಿದ್ದೂ ಲಿವರ್ ಗಟ್ಟಿಯಾಗಿ, ರಕ್ತ ಹರಿಯಲು ದಾರಿಯೇ ಇಲ್ಲದಂತಾಗುತ್ತದೆ. ನಿನ್ನ ಅಪ್ಪನಿಗೆ ಆದದ್ದು ಅದೇ. ಅವನು ಹೋಗಿ ಇಷ್ಟು ವರ್ಷವಾದ ಮೇಲೆ ನನಗೆ ಯಾರೋ ಒಬ್ಬರು ಕೂರಿಸಿಕೊಂಡು ಬಿಡಿಸಿ ಹೇಳಿದರು. ಅಳು ಬಂತು, ಸೀನಿದ ಹಾಗೆ ಮಾಡಿ ಕಣ್ಣೊರೆಸಿಕೊಂಡೆ.

ಆಮೇಲೆ ಡಾಕ್ಟರಮ್ಮ ಪೆನ್ನಿನ ತುದಿಯಿಂದ ಪರದೆ ತೋರಿಸಿದಳು. "ಕುಡಿಯೋರ ಲಿವರಲ್ಲಿ ಸಾಮಾನ್ಯವಾಗಿ ಈ ಉಗ್ರಾಣ ಖಾಲಿ ಹೊಡೀತಿರುತ್ತೆ. ಇಲ್ಲಿ ನೋಡಿ, ಈ ಕೋಶಗಳು ಎಣ್ಣೆ ತುಂಬ್ಕೊಂಡು ಊದಿ ಕೂತಿವೆ. ಅವುಗಳ ಸುತ್ತಾನೇ ನಾರೂ ಬೆಳೆದಿದೆ. ಇಷ್ಟೊಂದು ಎ ವಿಟಮಿನ್ ಎಲ್ಲಿಂದ ಬಂತು? ಏನು ತಿಂತಾ ಇದ್ದೀರಿ ನೀವು, ನಿಜ ಹೇಳಿ" ಎಂದು ಇವನ ಕಡೆ ತಿರುಗಿದಳು. ಉಗ್ರಾಣಕ್ಕೆ ಹಿಡಿಸಲಾರದಷ್ಟು ತುಂಬಿದರೂ ಆ ಕೋಶಗಳು ಕೆರಳಿ ನಾರು ನೂಲಲು ಇಳಿಯುತ್ತವಂತೆ. ಖಾಲಿಯಾದರೂ ಕಷ್ಟ, ತುಂಬಿ ತುಳುಕಿದರೂ ಕಷ್ಟ. ಇವನು ಊಟದ ಚೀಲದ ತಳಕ್ಕೆ ಕೈ ಹಾಕಿ ಒಂದು ಕಂದು ಶೀಶೆ ತೆಗೆದು ಮೇಜಿನ ಮೇಲಿಟ್ಟ. ಅಯ್ಯೋ ದೇವರೇ! ಇಡೀ ಮನೆ ಜಾಲಾಡಿದವಳು ನಾನು, ಆ ಊಟದ ಚೀಲವನ್ನು ದಿನಾ ತುಂಬಿಸಿ ಕೈಗೆ ಕೊಡುವವಳೂ ನಾನೇ. ಶೀಶೆಯ ತುಂಬ ಜೇನು ಬಣ್ಣದ ಎಣ್ಣೆ ಗುಳಿಗೆಗಳು.

ಬಣ್ಣದ ಕೋಣೆಯಲ್ಲಿ ಅದೊಂದು ಪದ್ಧತಿಯಂತೆ. ಕಣ್ಣು ಸೋಲದಿರಲಿ ಎಂದು ಮೇಷ್ಟ್ರ ಕಾಲದಿಂದಲೂ ಕಪಾಟಿನಲ್ಲಿ ಎ ವಿಟಮಿನ್ ಗುಳಿಗೆಯ ಶೀಶೆ ಇರುತ್ತದೆ, ಚಹಾದ ಹೊತ್ತಿಗೆ ಎಲ್ಲರೂ ಒಂದೊಂದು ನುಂಗುತ್ತಾರೆ, ಪರೀಕ್ಷೆ ಹತ್ತಿರ ಬಂದಾಗ ಎರಡೆರಡು. ಉಳಿದವರು ಪರೀಕ್ಷೆ ಮುಗಿದ ಮೇಲೆ ಮರೆತುಬಿಡುತ್ತಾರೆ. ನಿನ್ನ ಗಂಡ ಎಲ್ಲದರಲ್ಲೂ ಶ್ರದ್ಧಾವಂತ ನೋಡು, ಇವನು ಮರೆಯಲಿಲ್ಲ. ಮೇಷ್ಟ್ರನ್ನು ಮೂಟೆ ಕಟ್ಟಲು ಹಾಕಿದ ಮೇಲಂತೂ ಹೆದರಿಕೊಂಡು ತನ್ನದೇ ಬೇರೆ ಶೀಶೆ ಇಟ್ಟುಕೊಂಡು, ಬೆಳಿಗ್ಗೆ ಮಧ್ಯಾಹ್ನ ಸಂಜೆ ಎನ್ನದೆ ವರ್ಷಗಟ್ಟಲೆ ನುಂಗಿದ್ದಾನೆ. ತಲೆನೋವು ಬಂದರೆ ಕಣ್ಣು ಸೋಲುತ್ತಿದೆ ಅಂದುಕೊಂಡು ಇನ್ನೊಂದು. ಆ ತಲೆನೋವು ಬರುತ್ತಿದ್ದದ್ದೇ ಅದರಿಂದ! ಸುಲಿದ ತುಟಿ, ಉದುರಿದ ಕೂದಲು, ಹೊಟ್ಟೆ ತೊಳಸುವುದು, ರೇಗುವುದು, ಎಲ್ಲ ಅದರದ್ದೇ ಎಂದಳು ಡಾಕ್ಟರಮ್ಮ. ಅವಳು ಶೀಶೆ ಎತ್ತಿ ಚೀಟಿ ಓದಿದವಳೇ ಕೆಂಡವಾದಳು. "ಮೈಯಲ್ಲಿ ಕೊರತೆ ಇರೋರಿಗೆ ನಾವು ಕೆಲವು ದಿನ ಬರೆದುಕೊಡೋ ಗುಳಿಗೆ ಇದು. ಕೊರತೆ ಇಲ್ಲದೋರು ಎಷ್ಟು ನುಂಗಿದ್ರೂ ಕಣ್ಣು ಚುರುಕಾಗಲ್ಲರೀ. ನಿಮಗೆ ಬೇಕಾಗಿರೋದು ಒಂದು ಕನ್ನಡಕ!" ಎಂದು ಗದರಿಸಿದಳು. ಇವನು ಶಾಲೆಯ ಹುಡುಗನ ಹಾಗೆ ತಲೆ ತಗ್ಗಿಸಿದ. ಇವತ್ತಿನಿಂದ ಒಂದೂ ಮುಟ್ಟಕೂಡದು, ಏಟು ನಿಂತರೆ ಆ ಕೋಶಗಳಲ್ಲಿ ಎಷ್ಟೋ ಮತ್ತೆ ತಣ್ಣಗಾಗುತ್ತವೆ, ನಾರು ಕೂಡ ಸ್ವಲ್ಪ ಸ್ವಲ್ಪವಾಗಿ ಕರಗಬಹುದು, ಪೂರ್ತಿ ಎಂದು ಮಾತು ಕೊಡಲಾರೆ, ನಾಲ್ಕು ತಿಂಗಳು ಬಿಟ್ಟು ನೋಡೋಣ ಎಂದಳು. ಏನೋ ಒಂದು ಕಾಗದವನ್ನೂ ಅಚ್ಚು ಮಾಡಿ ಅವನ ಕೈಗೆ ಕೊಟ್ಟಳು, ಅವನು ಮಡಚಿ ಜೇಬಿಗಿಟ್ಟುಕೊಂಡ.

ಇಷ್ಟು ಕೇಳಿ ನೀನು ಕುಣಿದಾಡಬೇಡ. ನಿನ್ನ ಅಮ್ಮ ಅಷ್ಟು ಸುಲಭಕ್ಕೆ ಕಿವಿಗೆ ಹೂ ಇಡಿಸಿಕೊಳ್ಳುವವಳಲ್ಲ. ಅವನು ಔಷಧಿ ಕಿಟಕಿಯ ಹತ್ತಿರ ಹೋದಾಗ ನಾನು ವಾಪಸು ಒಳಗೆ ನುಗ್ಗಿ, "ಡಾಕ್ಟರಮ್ಮ, ಗುಳಿಗೆನೂ ನುಂಗಿ ಕುಡಿತಾನೂ ಕುಡಿದಿರಬಹುದಲ್ವಾ?" ಎಂದು ಕೇಳಿದೆ. ಅವಳು ನಕ್ಕು, "ನೀವೇನು ಪೊಲೀಸರಾ?" ಎಂದಳು. ಬಸ್ಸಿನ ಟಿಕೆಟ್ ತಪಾಸಣೆ, ಮೂವತ್ತು ವರ್ಷ ಸರ್ವಿಸು ಎಂದೆ. ಆಮೇಲೆ ಗಂಭೀರವಾಗಿ, "ಲಿವರಿನ ಕಾಯಿಲೆಗೆ ಈ ಗುಳಿಗೆ ಸಾಕು, ಕುಡಿತವನ್ನ ಹುಡುಕ್ಕೊಂಡು ಹೋಗಬೇಕಾಗಿಲ್ಲ. ಆದ್ರೆ ಈ ಮನುಷ್ಯ ಜನ್ಮದಲ್ಲಿ ಒಂದು ಗುಟುಕೂ ಕುಡಿದಿಲ್ಲ ಅಂತ ಸೂಜಿ ಹಾಕಿ ಹೇಳೋಕೆ ನನ್ನಿಂದ ಆಗಲ್ಲಮ್ಮ. ಅದನ್ನ ಜೊತೆಗಿರೋರು ಹೇಳಬೇಕು" ಎಂದಳು. ನೋಡಿದೆಯಾ? ತಿರುಗಿ ನನ್ನ ತಲೆಗೇ ಕಟ್ಟಿದಳು.

ಹಾಗಾಗಿ ನೀನು ಕೇಳಿದ ಒಂದು ಮಾತನ್ನು ನಾನು ಇವತ್ತು ಬರೆಯುವುದಿಲ್ಲ. ಶೀಶೆ ಸಿಕ್ಕಿದ್ದು ನಿಜ, ಶೀಶೆಯಲ್ಲಿ ಹೆಂಡ ಇರಲಿಲ್ಲ ಎನ್ನುವುದೂ ನಿಜ. ಆದರೆ ಮುಚ್ಚಿಟ್ಟದ್ದೂ ಅಷ್ಟೇ ನಿಜ. ಒಂದನ್ನು ಬಚ್ಚಿಟ್ಟವನು ಎರಡನ್ನೂ ಬಚ್ಚಿಡಬಲ್ಲ. ನಿನ್ನ ಅಪ್ಪನನ್ನು ನಾನು ಮದುವೆಯಾದ ಹೊಸತರಲ್ಲಿ ಒಂದೇ ಸಲ ನಂಬಿದ್ದು, ಅದರ ಫಲ ಇಬ್ಬರೂ ಉಂಡಿದ್ದೇವೆ. ಇನ್ನೂ ಸ್ವಲ್ಪ ದಿನ ಮೂಗು ಬಿಟ್ಟು ನೋಡುತ್ತೇನೆ. ಗುಳಿಗೆ ಬಿಟ್ಟ ಮೇಲೆ ಬೆಳಗಿನ ತಲೆನೋವು ಹೋಗುತ್ತದೋ ಉಳಿಯುತ್ತದೋ, ಅದರ ಮೇಲೆ ತೀರ್ಮಾನ. ಅಲ್ಲಿಯವರೆಗೆ ನೀನು ಯಾವ ಕಾಗದಕ್ಕೂ ಸಹಿ ಹಾಕಬೇಡ, ಯಾರ ಹತ್ತಿರವೂ ಬಾಯಿ ಬಿಡಬೇಡ, ಹೊತ್ತು ಹೊತ್ತಿಗೆ ಉಣ್ಣು. ಅಳಬೇಡ. ನೀನು ಅಳುತ್ತೀಯ ಎಂದು ನನಗೆ ಗೊತ್ತು, ಆದರೂ ಅಳಬೇಡ. ನೀನೂ ನಿನ್ನ ಹೊಟ್ಟೆಯಲ್ಲಿರುವುದೂ ತಣ್ಣಗಿರಿ, ನನ್ನ ಉಳಿದ ಆಯುಸ್ಸೆಲ್ಲ ನಿಮ್ಮಿಬ್ಬರಿಗೇ ಇರಲಿ. ನಿನ್ನ ಕೋಣೆಯ ಜೊತೆಗಾತಿಗೆ ನನ್ನ ನೆನಪು ಹೇಳು, ನಿನ್ನನ್ನು ನೋಡಿಕೊಳ್ಳುತ್ತಿರುವುದಕ್ಕೆ ಅವಳಿಗೆ ಒಂದು ಸ್ವೆಟರು ಹೆಣೆಯುತ್ತಿದ್ದೇನೆ.

ನಿನಗೆ ಸಾವಿರ ಮುತ್ತುಗಳೊಂದಿಗೆ,
ನಿನ್ನ ಅನುಮಾನದ ಅಮ್ಮ

ಮರೆಯುವ ಮುನ್ನ: ಅಲ್ಲ, ಮರೆಯುವ ಮಾತೇ ಅಲ್ಲ ಇದು. ಮಗಳೇ, ಇದನ್ನು ಓದುತ್ತಿದ್ದ ಹಾಗೇ ಎದ್ದು ನಿನ್ನ ದೊಡ್ಡ ಚೀಲದ ತಳ ನೋಡು. ಉಣ್ಣೆಯ ಕಾಲುಚೀಲದೊಳಗೆ ಒಂದು ಕಂದು ಶೀಶೆ ಇದೆ. ಅದರಿಂದ ಒಂದೂ ಬಾಯಿಗೆ ಹಾಕಬೇಡ. ನಿನ್ನ ಗಂಡ ಈಗ ತಾನೇ ಕಾರ್ಖಾನೆಯಿಂದ ಬಂದ. ಬಣ್ಣದ ಕೋಣೆಯ ಕಪಾಟಿನ ಗುಳಿಗೆಗಳನ್ನೆಲ್ಲ ಚರಂಡಿಗೆ ಸುರಿದು ಎಲ್ಲರ ಹತ್ತಿರ ಬೈಸಿಕೊಂಡು ಬಂದೆ ಎಂದ. ನಾನು ಲಕೋಟೆಗೆ ವಿಳಾಸ ಬರೆಯುವುದನ್ನು ನೋಡಿ, "ಅತ್ತೆ, ಒಂದು ಸಾಲು ಸೇರಿಸ್ತೀರಾ? ಅವಳು ಹೊರಡೋ ದಿನ ಬ್ಯಾಗಲ್ಲಿ ನಾನೊಂದು ಶೀಶೆ ಇಟ್ಟಿದ್ದೆ. ಸಣ್ಣ ಸಣ್ಣ ಗೆರೆ ಎಳೆಯೋ ಕಣ್ಣು, ದಿನಾ ತಗೋ ಅಂತ ಚೀಟಿ ಬರೆದಿಟ್ಟಿದ್ದೆ. ಕೋಪದಲ್ಲಿದ್ಲು, ಕೈಗೆ ಕೊಡೋಕೆ ಧೈರ್ಯ ಆಗ್ಲಿಲ್ಲ. ಬಿಸಾಕೋಕೆ ಹೇಳಿ" ಎಂದ. ಡಾಕ್ಟರಮ್ಮ ಕೊಟ್ಟ ಕಾಗದ ಬಿಚ್ಚಿ, "ಬಸುರೀರು ಇದನ್ನ ತಗೊಂಡ್ರೆ ಮಗೂಗೇ ಅಪಾಯ ಅಂತೆ. ಅದು ನಮಗೆ ಸಂಬಂಧ ಇಲ್ಲ, ಆದ್ರೂ ಯಾಕೆ ಬೇಕು" ಎಂದ. ನಿನ್ನ ಮಾತು ಮೀರಿದೆ ಕಣೇ, ಬಸಿರಿನ ವಿಷಯ ಹೇಳಿಬಿಟ್ಟೆ.

ನೀನು ನನ್ನ ಹೊಟ್ಟೆಯಲ್ಲಿರುವ ಸುದ್ದಿ ನಿನ್ನ ಅಪ್ಪನಿಗೆ ಹೇಳಿದ ದಿನ ಅವನ ಬಾಯಿಂದ ಬಂದ ಮೊದಲ ಮಾತು, ನನಗೇಕೆ ಮೊದಲೇ ಹೇಳಲಿಲ್ಲ ಎಂದು. ಹಾಗೆಂದವನು ಖುಷಿ ಪಡಲು ಹೋಗಿ ಮೂರು ದಿನ ಮನೆಗೆ ಬರಲಿಲ್ಲ. ಇವನಿಗೆ ಅದನ್ನು ಕೇಳುವ ಹಕ್ಕು ನೂರಕ್ಕೆ ನೂರು ಇತ್ತು, ಕೇಳಲಿಲ್ಲ. "ಎಷ್ಟು ತಿಂದಿರ್ತಾಳೆ ಅತ್ತೆ?" ಎಂದ. ಅಷ್ಟೇ. ಮೂಲೆ ಅಂಗಡಿಗೆ ಓಡಿ ನಿಮ್ಮ ಆಫೀಸಿಗೆ ಫೋನು ಹಚ್ಚಿದ, ಯಾರೂ ಎತ್ತಲಿಲ್ಲ, ನಾಳೆ ಹೇಗೂ ರಜೆ. ಡಾಕ್ಟರಮ್ಮ ಮಾತ್ರ ಸಿಕ್ಕಿದಳು. ತಿಂದಿದ್ದರೂ ಗಾಬರಿಯಾಗಬೇಡ, ಕೂಡಲೇ ನಿಲ್ಲಿಸಿ ಅಲ್ಲಿಯ ಹೆರಿಗೆ ಡಾಕ್ಟರಿಗೆ ಶೀಶೆ ಸಮೇತ ತೋರಿಸಬೇಕು, ಎಷ್ಟು ತಿಂದೆ ಎನ್ನುವುದನ್ನು ಮುಚ್ಚಿಡಬಾರದು ಎಂದಿದ್ದಾಳೆ. ನೀನು ಅವನ ಮೇಲಿನ ಸಿಟ್ಟಿಗೆ ಆ ಶೀಶೆಯನ್ನು ಮುಟ್ಟಿರಲಾರೆ ಎಂದು ನನಗೆ ಆಸೆ. ಹುಟ್ಟಿದಂದಿನಿಂದ ಬೈಯುತ್ತ ಬಂದ ನಿನ್ನ ಹಟಕ್ಕೆ ಇವತ್ತು ಕೈ ಮುಗಿಯುತ್ತಿದ್ದೇನೆ.

ಟಪ್ಪಾಲಿಗೆ ಹಾಕಿದರೆ ನಾಲ್ಕು ದಿನ. ಸಂಜೆಯ ಬಸ್ಸಿಗೆ ಅವನೇ ಹೊರಟಿದ್ದಾನೆ, ಈ ಕಾಗದ ಅವನ ಕೈಯಲ್ಲೇ ಬರುತ್ತಿದೆ. ದಾರಿಯಲ್ಲಿ ಅಂಟು ಬಿಚ್ಚಿ ಓದಿದ್ದಾನೋ ಏನೋ ನೋಡು, ಅಷ್ಟು ಅನುಮಾನ ನನಗೆ ಇದ್ದೇ ಇರುತ್ತದೆ. ಚಪ್ಪಲಿ ಮೆಟ್ಟಿಕೊಂಡು ಬಾಗಿಲಲ್ಲಿ ನಿಂತು "ಆಯ್ತಾ ಅತ್ತೆ, ಆಯ್ತಾ" ಎನ್ನುತ್ತಿದ್ದಾನೆ. ನೀನು ಕದ ತೆಗೆಯುತ್ತೀಯೋ ಇಲ್ಲವೋ ಎಂದು ಅವನು ಕೇಳಲಿಲ್ಲ, ನಾನೂ ಹೇಳಲಿಲ್ಲ. ತೆಗೆ. ಅವನು ಕುಡಿಯುವವನಲ್ಲ.